ಹಿತ್ತಲ ಲೆಕ್ಕ – 11: ಬೇವಿನ ಗಿಡಕ್ಕೆ ಬಿಲ್ ಇಲ್ಲ

1/9

ಈ ಫೋಟೋದಾಗ ಕಾಣೋ ಬೇವಿನ ಗಿಡಕ್ಕೆ ಹಬ್ಬದ ಮರುದಿನ ಒಬ್ಬರು ಬಂದು ಬೆಲೆ ಕಟ್ಟಿ ಹೋದ್ರು. 3,500 ರೂಪಾಯಿ. ಕಡಿಯೋ ಕೂಲಿ, ಟ್ರ್ಯಾಕ್ಟರ್ ಬಾಡಿಗಿ ಎಲ್ಲಾ ಅವರದೇ. ನಾವು ಹೂಂ ಅಂದ್ರೆ ಸಾಕು, ಮಧ್ಯಾಹ್ನದೊಳಗ ಹಿತ್ತಲ ಬಯಲು.

ಕರೆಸಿದ್ದು ನಮ್ಮಣ್ಣ. ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯೋ ಕೆಲಸ ಅವನದು. ದಸರಾಕ್ಕೆ ಯಲಬುರ್ಗಾಕ್ಕೆ ಬಂದಿದ್ದ. ಹಿಂದಿನ ಸಂಜಿ, ಅಂದ್ರೆ ಅಕ್ಟೋಬರ್ 2ಕ್ಕೆ, ಓಣಿ ತುಂಬ ತಿರುಗಿ ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಅಂತ ಎಲ್ಲರ ಕಾಲು ಮುಟ್ಟಿ ಬಂದವನು, ಬೆಳಗಾದ್ರೆ ಬೇವಿನ ಗಿಡಕ್ಕೆ ಗಿರಾಕಿ ಕರ್ಕೊಂಡು ಬಂದ. ಇದನ್ನ ಅವನಿಗೇ ಹೇಳಿದೆ. ನಕ್ಕ. "ಬನ್ನಿ ಬ್ಯಾರೆ, ಬೇವು ಬ್ಯಾರೆ" ಅಂದ.

ಅವನನ್ನ ಕೆಟ್ಟವನನ್ನಾಗಿ ಮಾಡೋಕೆ ಇದನ್ನ ಬರೀತಿಲ್ಲ, ಮೊದಲೇ ಹೇಳಿಬಿಡ್ತೀನಿ. ಅವ ಈ ಪೇಜ್ ಫಾಲೋ ಮಾಡ್ತಾನ, ಓದಿ ಫೋನ್ ಮಾಡೇ ಮಾಡ್ತಾನ. ಅವನ ಮಾತಿನಲ್ಲಿ ಅರ್ಧ ಸರಿ ಇತ್ತು. ಯಾವ ಅರ್ಧ ಅನ್ನೋದೇ ಈ ಸಲದ ಲೆಕ್ಕ. ಉದ್ದ ಆಗೈತಿ, ಒಂಬತ್ತು ಪೋಸ್ಟ್. ಬಸ್ಸಿನಾಗ ಸೀಟು ಸಿಕ್ಕಾಗ ಓದ್ರಿ.

2/9

ಹೋದ ಮೇ ತಿಂಗಳಾಗ ಅಜ್ಜಿ ಬಚ್ಚಲ ಬಾಗಿಲ ಹತ್ರ ತಲೆ ತಿರುಗಿ ಕುಸಿದಳು. ವಯಸ್ಸು 76. ದೇವರ ದಯೆ, ಏಟು ಬೀಳಲಿಲ್ಲ. ಡಾಕ್ಟರ್ ನೋಡಿ, ಮೈಯಾಗ ನೀರಿಲ್ಲ, ಬಿಪಿ ಇಳಿದೈತಿ, ಎಷ್ಟು ರಾತ್ರಿ ಆತು ಇವರು ಮಲಗಿ ಅಂತ ಕೇಳಿದ್ರು. ನಮ್ಮಲ್ಲಿ ಯಾರ ಹತ್ರಾನೂ ಉತ್ತರ ಇರಲಿಲ್ಲ. ಒಂದೇ ಮನಿಯಾಗ ಇದ್ದು ಆಕಿ ನಿದ್ದಿ ಮಾಡ್ತಾಳೋ ಇಲ್ಲೋ ಯಾರೂ ನೋಡಿರಲಿಲ್ಲ. ಅಜ್ಜಿ ಮಾತ್ರ, "ಬ್ಯಾಸಿಗ್ಯಾಗ ಯಾರು ಮಲಗ್ತಾರಪಾ" ಅಂದಳು. "ರೂಮು ತಂಪಿಡ್ರಿ, ರಾತ್ರಿ ಹೊತ್ತು ಮುಖ್ಯ" ಅಂದ್ರು ಡಾಕ್ಟರ್. ಅಣ್ಣನ ತಲ್ಯಾಗ ಎಸಿ ಹೊಕ್ಕಿದ್ದು ಅವತ್ತು.

ಮೊದಲು ನಮ್ಮದು ಮಣ್ಣಿನ ಮೇಲ್ಮುದ್ದಿ ಮನಿ. ಜಂತಿ, ಅದರ ಮ್ಯಾಲ ಒಂದೂವರೆ ಮೊಳ ಮಣ್ಣು, ನಡುವ ಬೆಳಕಿಂಡಿ. ಮಳಿಗಾಲದಾಗ ಸೋರ್ತಿತ್ತು, ಚೇಳು ಬೀಳ್ತಿತ್ತು, ವರ್ಷಕ್ಕೊಮ್ಮೆ ಮಣ್ಣು ಹಾಕಿಸಬೇಕು. 2019ರಲ್ಲಿ ಒಡೆದು ಸ್ಲ್ಯಾಬ್ ಹಾಕಿಸಿದ್ವಿ. ಆ ಹಳೆ ಮನಿ ಭಾಳ ಚಂದ ಇತ್ತು ಅಂತ ಸ್ಟೇಟಸ್ ಹಾಕೋರು ಇರ್ತಾರಲ್ಲ, ಅವರು ರಾತ್ರಿ ಹನ್ನೆರಡಕ್ಕೆ ಬಕೆಟ್ ಹಿಡ್ಕೊಂಡು ಸೋರೋ ಜಾಗ ಹುಡುಕಿದವರಲ್ಲ. ನಮ್ಮವ್ವಗ ಸ್ಲ್ಯಾಬ್ ಅಂದ್ರ ಗೆಲುವು.

ಆದ್ರ ಸ್ಲ್ಯಾಬಿನ ಒಂದು ಗುಣ ನಮಗೆ ಯಾರೂ ಹೇಳಿರಲಿಲ್ಲ. ಹಗಲೆಲ್ಲ ಬಿಸಿಲು ಕುಡೀತದ, ರಾತ್ರಿ ಅದನ್ನ ನಮ್ಮ ಮ್ಯಾಲ ಕಕ್ಕತದ. ಹೊರಗ ಹತ್ತಕ್ಕ ಗಾಳಿ ತಣ್ಣಗಾದ್ರೂ ಒಳಗ ಹಂಚಿನ ಕೆಳಗ ಮಲಗಿದಂಗ. ನಾನು 249 ರೂಪಾಯಿ ಕೊಟ್ಟು ಒಂದು ಪುಟ್ಟ ಥರ್ಮಾಮೀಟರ್ ತರಿಸಿದ್ದೆ. ಮೇ ತಿಂಗಳ ಒಂದು ರಾತ್ರಿ ಹತ್ತು ಗಂಟೆಗೆ ಪಡಸಾಲಿಯಲ್ಲಿ 36.5. ಹಿಂದಿನ ಅಜ್ಜಿ ಕೋಣೆಯಲ್ಲಿ 34. ಎರಡಕ್ಕೂ ಸ್ಲ್ಯಾಬ್ ಒಂದೇ, ಗ್ವಾಡಿ ಒಂದೇ. ಅಜ್ಜಿ ಕೋಣೆಯ ಪಡುವಣ ಗ್ವಾಡಿ ಮೇಲೆ ಮಧ್ಯಾಹ್ನ ಎರಡರಿಂದ ಬೇವಿನ ನೆರಳು ಬೀಳ್ತದ, ಸ್ಲ್ಯಾಬಿನ ಅರ್ಧಕ್ಕೂ ಬೀಳ್ತದ. ಅಷ್ಟೇ ವ್ಯತ್ಯಾಸ.

34 ಡಿಗ್ರಿ ಅಂದ್ರ ಅದೇನು ತಂಪಲ್ಲ. ಅಜ್ಜಿ ಬಿದ್ದದ್ದು ಆ ಕೋಣೆಯಲ್ಲಿ ಮಲಗಿಯೇ. ಗಿಡ ಎರಡೂವರೆ ಡಿಗ್ರಿ ಇಳಿಸಿತ್ತು, ಅದು ಸಾಲಲಿಲ್ಲ. ಅಣ್ಣ ಸರಿ ಇದ್ದ ಅರ್ಧ ಇದು.

3/9

ಈಗ ಅಂಗಡಿ ವಿಷಯ.

ಸೆಪ್ಟೆಂಬರ್ 22ರಿಂದ, ನವರಾತ್ರಿ ಮೊದಲ ದಿನದಿಂದ, ಎಸಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು. ಅಣ್ಣ ಅವತ್ತೇ ಮೆಸೇಜ್ ಹಾಕಿದ: "10 ಪರ್ಸೆಂಟ್ ಕಮ್ಮಿ, ಈಗ ತಗೊಳ್ಳೋದ ಬೆಸ್ಟ್." ಇಲ್ಲಿ ನಾನು ಬಿಕಾಂ ಓದೋಳು ಅಂತ ಒಂದು ಸಣ್ಣ ಜಂಬ ತೋರಿಸಬೇಕಾತು. ತೆರಿಗೆ ಹತ್ತು ಇಳಿದ್ರ ಬೆಲೆ ಹತ್ತು ಇಳಿಯಲ್ಲ. ಮೊದಲು 100 ರೂಪಾಯಿ ಮಾಲಿಗೆ 128 ಕೊಡ್ತಿದ್ವಿ, ಈಗ 118. ಅಂದ್ರ ನಮ್ಮ ಜೇಬಿಗೆ ಉಳಿಯೋದು 7.8 ಪರ್ಸೆಂಟ್. 40,000 ರೂಪಾಯಿದು 36,875 ಆಗಬೇಕು. ಕಮ್ಮಿ ಆಗಿದ್ದು ನಿಜ, ಹತ್ತಲ್ಲ.

ಅವ ಫೋನಿನಾಗ ಕಾರ್ಟ್ ತೆಗೆದು ತೋರಿಸಿದ. 1.5 ಟನ್, ಐದು ಸ್ಟಾರ್, 36,990. ಕೆಳಗ ಕೆಂಪಕ್ಷರದಾಗ "ಇನ್ನು 2 ಮಾತ್ರ ಉಳಿದಿವೆ." ಪಕ್ಕದಾಗ ಗಡಿಯಾರ ಓಡ್ತಿತ್ತು. ನಾನು ನನ್ನ ಫೋನಿನಾಗ ಅದೇ ಪೇಜ್ ತೆಗೆದೆ. ಎರಡು ದಿನ ಬಿಟ್ಟು ಮತ್ತೆ ತೆಗೆದೆ. ಆಗಲೂ ಇನ್ನು ಎರಡೇ ಉಳಿದಿದ್ವು, ಪಾಪ. ಇದಕ್ಕೆ ನಮ್ಮ ದೇಶದ ನಿಯಮದಾಗ ಹೆಸರೈತಿ, ಸುಳ್ಳು ಅವಸರ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ಕ್ಕೆ ಡಾರ್ಕ್ ಪ್ಯಾಟರ್ನ್ ಅಂತ 13 ಥರದ ಮೋಸಗಳ ಪಟ್ಟಿ ಹೊರಡಿಸ್ತು, ಅದರಾಗ ಮೊದಲನೆಯದೇ ಇದು. ಕೇಳದ ವಸ್ತುವನ್ನ ಬುಟ್ಟಿಗೆ ತುರುಕೋದು ಎರಡನೆಯದು. ಅಣ್ಣನ ಕಾರ್ಟಿನಾಗ ಅವ ಕೇಳದೇ ಇದ್ದ ಹೆಚ್ಚುವರಿ ವಾರಂಟಿಗೆ ಆಗಲೇ ಟಿಕ್ ಬಿದ್ದಿತ್ತು. ಅದನ್ನ ತೆಗೆಸಿದ್ದು ನಾನು. ಥ್ಯಾಂಕ್ಸ್ ಹೇಳಲಿಲ್ಲ ಮನುಷ್ಯ.

4/9

ನೋ ಕಾಸ್ಟ್ ಇಎಂಐ. ಈ ಮೂರು ಶಬ್ದ ನಮ್ಮ ಜಿಲ್ಲೆಯ ಎಷ್ಟು ಮನಿಗೆ ಫ್ರಿಜ್ಜು, ಬೈಕು, ಫೋನು ತಂದುಕೊಟ್ಟಾವೋ. ನನ್ನ ಈ ಫೋನೂ ಹಂಗ ಬಂದದ್ದು, ಅದನ್ನ ಮುಚ್ಚಿಡಲ್ಲ.

ಒಂಬತ್ತು ಕಂತು, ತಿಂಗಳಿಗೆ 4,110. ಒಂಬತ್ತು ಸಲ ಗುಣಿಸಿದ್ರ 36,990. "ನೋಡು, ಒಂದು ರೂಪಾಯಿ ಬಡ್ಡಿ ಇಲ್ಲ" ಅಂದ ಅಣ್ಣ. ನಾನು ಮರುದಿನ ಕಾಲೇಜು ಮುಗಿಸಿ ಕೊಪ್ಪಳದ ಒಂದು ಅಂಗಡಿಗೆ ಹೋಗಿ ಅದೇ ಮಾಡೆಲ್‌ಗೆ ರೊಕ್ಕ ಒಮ್ಮೆಗೇ ಕೊಟ್ರ ಎಷ್ಟು ಅಂತ ಕೇಳಿದೆ. 34,500 ಅಂದ್ರು. ಚೌಕಾಸಿ ಮಾಡಿರಲಿಲ್ಲ ಇನ್ನೂ.

ವ್ಯತ್ಯಾಸ 2,490. ಬಡ್ಡಿ ಅಲ್ಲೇ ಕುಂತೈತಿ, ಬೆಲೆಯ ಹೊಟ್ಟಿಯೊಳಗ. ಸಾಲ ಪ್ರತಿ ತಿಂಗಳು ಕರಗ್ತಾ ಹೋಗೋದ್ರಿಂದ ಒಂಬತ್ತು ತಿಂಗಳಾಗ ಸರಾಸರಿ ನಮ್ಮ ಮೇಲೆ ಇರೋ ಬಾಕಿ ಸುಮಾರು 19,000. ಅದರ ಮೇಲೆ ಮುಕ್ಕಾಲು ವರ್ಷಕ್ಕೆ 2,490 ಅಂದ್ರ ವರ್ಷಕ್ಕೆ ಹತ್ತಿರ ಹತ್ತಿರ 17 ಪರ್ಸೆಂಟ್. ಮೇಲೆ ಪ್ರೊಸೆಸಿಂಗ್ ಫೀ 199, ಅದಕ್ಕೆ ಜಿಎಸ್‌ಟಿ. ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಬರೆದು, ಸೊನ್ನೆ ಬಡ್ಡಿ ಅನ್ನೋದೇ ಇಲ್ಲ, ಬಡ್ಡಿಯನ್ನ ಬೇರೆ ಕಡೆ ಬಚ್ಚಿಡ್ತಾರೆ ಅಂತ ಹೇಳಿತ್ತು. ಹನ್ನೆರಡು ವರ್ಷ ಆತು. ಹೆಸರು ಬದಲಾತು ಅಷ್ಟ.

ಕಂತಿನಾಗ ತಗೊಳ್ಳೋದು ತಪ್ಪು ಅಂತ ನಾನು ಹೇಳಲ್ಲ. ಒಮ್ಮೆಗೇ 34,500 ಇಡೋ ಮನಿ ಎಷ್ಟವ? 17 ಪರ್ಸೆಂಟ್ ಅಂತ ಗೊತ್ತಿದ್ದು ತಗೊಂಡ್ರ ಅದು ಸಾಲ. ಸೊನ್ನೆ ಅಂತ ನಂಬಿ ತಗೊಂಡ್ರ ಅದಕ್ಕೆ ಬ್ಯಾರೆ ಹೆಸರೈತಿ, ಇಲ್ಲಿ ಬರೆಯಲ್ಲ.

5/9

ಕರೆಂಟಿಗೆ ಬರೋಣ. ಇದು ಗೃಹಜ್ಯೋತಿ ಇರೋ ಎಲ್ಲ ಮನಿಗೂ ಸಂಬಂಧ, ಸೇವ್ ಮಾಡಿಟ್ಕೊಳ್ರಿ.

2022–23ರಲ್ಲಿ ನಮ್ಮ ಮನಿಯ ತಿಂಗಳ ಸರಾಸರಿ 58 ಯೂನಿಟ್. ಅದಕ್ಕೆ 10 ಪರ್ಸೆಂಟ್ ಕೂಡಿಸಿದ್ರ ಸುಮಾರು 64. ಅಷ್ಟು ಪುಕ್ಕಟೆ. 64 ದಾಟಿ 200ರೊಳಗ ಇದ್ರ ಹೆಚ್ಚಾದದ್ದಕ್ಕೆ ಮಾತ್ರ ರೊಕ್ಕ. 200 ದಾಟಿದ್ರ ಪುಕ್ಕಟೆ ಎಲ್ಲಾ ಹೋಗಿ ಪೂರ್ತಿ ಬಿಲ್. "200 ಯೂನಿಟ್ ಫ್ರೀ" ಅಂತ ಬಾಯಿಪಾಠ ಮಾಡಿಕೊಂಡವರು ಇನ್ನೂ ಅದಾರ. ನಮ್ಮಣ್ಣನೂ ಒಬ್ಬ, ಲೆಕ್ಕ ಬರೆಯೋ ಮನುಷ್ಯ!

ಯೂನಿಟ್‌ಗೆ 6 ರೂಪಾಯಿ ಅಂತ ಹಿಡೀರಿ. 200 ಯೂನಿಟ್ ಸುಟ್ರ 136ಕ್ಕೆ ಕೊಡಬೇಕು, 816. 201 ಸುಟ್ರ 201ಕ್ಕೂ ಕೊಡಬೇಕು, 1,206. ಆ ಒಂದು ಯೂನಿಟ್‌ನ ಬೆಲೆ 390 ರೂಪಾಯಿ. ಮಾರ್ಜಿನಲ್ ಕಾಸ್ಟ್ ಅಂದ್ರೇನು ಅಂತ ನಮಗೆ ಕ್ಲಾಸಿನಾಗ ಬಿಸ್ಕಿಟ್ ಕಾರ್ಖಾನೆ ಉದಾಹರಣೆ ಕೊಟ್ಟು ಹೇಳಿದ್ರು. ಇದನ್ನ ಹೇಳಿದ್ರ ಹಿಂದಿನ ಬೆಂಚಿಗೂ ಒಮ್ಮೆಗೇ ತಿಳೀತಿತ್ತು.

ಒಂದೂವರೆ ಟನ್ ಎಸಿ ರಾತ್ರಿ ಎಂಟು ತಾಸು ಓಡಿದ್ರ ಉರಿ ಬ್ಯಾಸಿಗ್ಯಾಗ ದಿನಕ್ಕೆ 6 ಯೂನಿಟ್ ಅಂತ ನಾನು ಹಿಡಿದೆ. ತಿಂಗಳಿಗೆ 180. ಮನಿಯ 64 ಕೂಡಿಸಿದ್ರ 244. ಗೆರೆ ದಾಟಿ ಆ ಕಡೆ ಬಿದ್ವಿ.

ಇದಕ್ಕ ಅಣ್ಣನ ಉತ್ತರ ಸೋಲಾರ್. ಗಿಡದ ಮ್ಯಾಲ ಕಣ್ಣು ಬಿದ್ದದ್ದು ಇಲ್ಲಿಂದ. ಪಿಎಂ ಸೂರ್ಯಘರ್ ಯೋಜನೆಯಾಗ 2 ಕಿಲೋವ್ಯಾಟ್‌ಗೆ 60,000 ಸಬ್ಸಿಡಿ ಐತಿ, 3 ಕಿಲೋವ್ಯಾಟ್‌ಗೆ 78,000. ಆದ್ರ ಮಧ್ಯಾಹ್ನ ಮೇಲೆ ನಮ್ಮ ಅರ್ಧ ಸ್ಲ್ಯಾಬಿಗೆ ಬೇವಿನ ನೆರಳು. ಸಾಲಾಗಿ ಜೋಡಿಸಿದ ಪ್ಯಾನೆಲ್‌ನಾಗ ಒಂದರ ಮೇಲೆ ನೆರಳು ಬಿದ್ರೂ ಉಳಿದವುಗಳ ಕರೆಂಟ್ ಇಳೀತದ. ಹಂಗಾಗಿ ಗಿಡ ತೆಗಿ, ಪ್ಯಾನೆಲ್ ಹಾಕು, ಎಸಿ ಓಡಿಸು.

ಕೇಳೋಕೆ ಪರಿಸರಸ್ನೇಹಿ. ಎಸಿ ಬೇಕಾಗೋದು ಮಾರ್ಚಿನಿಂದ ಮೇ, ಮೂರು ತಿಂಗಳು. ಉಳಿದ ಒಂಬತ್ತು ತಿಂಗಳು ನಮ್ಮ ಬಿಲ್ ಈಗಲೇ ಸೊನ್ನೆ. ಸೊನ್ನೆ ಬಿಲ್ಲನ್ನ ಇಳಿಸೋಕೆ ಸಾಲ ಮಾಡೋದ್ಯಾಕ? ಅಪ್ಪ ಇಲ್ಲಿಯವರೆಗೂ ಸುಮ್ಮನ ಕೇಳ್ತಿದ್ದ. ಈಗ, "ಆಕಿ ಹೇಳೋದು ಖರೆ ಐತಲ್ಲೋ" ಅಂದ. ನನಗೆ ಸಿಕ್ಕ ಮೊದಲ ಅಂಕ.

6/9

ಒಂದೂವರೆ ಟನ್ ಅಂದ್ರೇನು ಅಂತ ಎಂದಾದ್ರೂ ಕೇಳೀರೇನು? ನಾನು ಎಸಿಯ ತೂಕ ಅಂದ್ಕೊಂಡಿದ್ದೆ, ನಗಬ್ಯಾಡ್ರಿ. ಮೊದಲು ತಂಪು ಅಂದ್ರ ಐಸ್ ತಂದು ಇಡೋದು. ಒಂದು ಟನ್ ಐಸು ಒಂದು ದಿನದಾಗ ಕರಗೋಕೆ ಎಷ್ಟು ಶಾಖ ಎಳ್ಕೊಳ್ತದೋ ಅಷ್ಟು ಶಾಖ ಎಳೆಯೋ ಯಂತ್ರ ಒಂದು ಟನ್ ಯಂತ್ರ. ಟನ್ನು ಅಮೆರಿಕದ್ದು, 907 ಕೆ.ಜಿ. "ಅಜ್ಜಿ, ಈ ಮಷೀನು ದಿನಕ್ಕ ಹದಿಮೂರು ಕ್ವಿಂಟಲ್ ಐಸಿನ ಕೆಲಸ ಮಾಡ್ತದ" ಅಂದೆ. "ಅಷ್ಟು ಐಸಿನಾಗ ನನ್ನ ಇಟ್ರ ನಾ ಇರ್ತೀನೇನ?" ಅಂದಳು. 10 ಅಡಿ ಉದ್ದ, 9 ಅಡಿ ಅಗಲದ ಕೋಣೆಗೆ ಒಂದೂವರೆ ಟನ್ ಯಾಕ ಅನ್ನೋ ಪ್ರಶ್ನೆ ಎದ್ದದ್ದು ಆಕಿಯಿಂದ.

ನನ್ನ ಪ್ಲ್ಯಾನ್ ಕೂಲರ್ ಇತ್ತು. ಅಣ್ಣ ಕೂಲರ್ ಹೆಸರು ಕೇಳಿದ್ರ ಮುಖ ಕಿವುಚ್ತಾನ. ಯಾಕ ಅಂತ ಒಮ್ಮೆ ಅವನ ಗಂಗಾವತಿ ರೂಮಿಗೆ ಹೋದಾಗ ತಿಳೀತು. ಅಲ್ಲಿ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ. ಗಾಳಿ ಮೊದಲೇ ಹಸಿ. ಕೂಲರ್ ಕೆಲಸ ಮಾಡೋದು ನೀರು ಆರಿದ್ರ ಮಾತ್ರ, ಹಸಿ ಗಾಳಿಯಾಗ ನೀರು ಆರಲ್ಲ, ಮೈ ಅಂಟಂಟು ಆಗ್ತದ ಅಷ್ಟ. ಯಲಬುರ್ಗಾ ಹಂಗಲ್ಲ. ನಮ್ಮದು ಮಳಿ ನಂಬಿದ ಎರಿ ಭೂಮಿ, ಏಪ್ರಿಲ್‌ನಾಗ ಒಗೆದ ಸೀರಿ ಅರ್ಧ ತಾಸಿನಾಗ ಗರಗರ. ಇಲ್ಲಿ ಕೂಲರ್ ಓಡ್ತದ. ಒಂದೇ ಜಿಲ್ಲೆ, ಎರಡು ಗಾಳಿ. ಯೂಟ್ಯೂಬಿನಾಗ "ಕೂಲರ್ ಒಳ್ಳೇದೋ ಎಸಿ ಒಳ್ಳೇದೋ" ಅಂತ ದಿಲ್ಲಿ ಹುಡುಗ ಹೇಳೋದು ಗಂಗಾವತಿಗೂ ಯಲಬುರ್ಗಾಕ್ಕೂ ಒಂದೇ ಆಗಲ್ಲ.

ಆದ್ರ ನಾನು ಸೋತೆ. ಕೂಲರಿಗೆ ಕಿಟಕಿ ತೆರೆದಿರಬೇಕು, ಒಂದು ಕಡೆಯಿಂದ ಗಾಳಿ ಬಂದು ಇನ್ನೊಂದು ಕಡೆ ಹೋಗಬೇಕು. ಅಜ್ಜಿ ಕೋಣೆಗೆ ಇರೋದು ಒಂದೇ ಕಿಟಕಿ. ರಾತ್ರಿಯೆಲ್ಲ ಗುಂಯ್ ಅನ್ನೋ ಸಪ್ಪಳ ಆಕಿಗೆ ಆಗಲ್ಲ. ಟ್ಯಾಂಕಿಗೆ ನೀರು ಹೊಯ್ಯೋರು ಯಾರು, ನಳ ಬರೋದೇ ಎಷ್ಟೋ ದಿನಕ್ಕೊಮ್ಮೆ. ಈ ಮಾತು ಅವ್ವ ಅಂದಳು, ನಾನು ಸುಮ್ಮನಾದೆ.

ಸ್ಲ್ಯಾಬಿಗೆ ಸುಣ್ಣ ಬಳಿಯೋದು ಮಾತ್ರ ಎಲ್ಲರೂ ಒಪ್ಪಿದ್ರು. ಬಿಳಿ ಮೇಲ್ಮೈ ಬಿಸಿಲನ್ನ ವಾಪಸ್ ಕಳಿಸ್ತದ, ಅಷ್ಟೇ ವಿದ್ಯೆ. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೇ ಕೂಲ್ ರೂಫ್ ನೀತಿ ಅಂತ ಮಾಡ್ತು. ನಾವು ಫೆಬ್ರವರಿಯಲ್ಲಿ ಸುಣ್ಣ, ಅಂಟು, ಎರಡು ಕುಂಚ ತಂದು ಒಂದು ಭಾನುವಾರ ಕಳೀತೀವಿ.

7/9

ಈಗ ಗಿಡಕ್ಕೆ ಬರ್ತೀನಿ. ಫೋಟೋ ಜೂಮ್ ಮಾಡಿ ನೋಡ್ರಿ, ಟೊಂಗೆಗಳ ತುದಿ ಎಲ್ಲ ಸುಟ್ಟಂಗ ಕಂದು ಬಣ್ಣ. ಅಣ್ಣನ ಕೊನೆ ಬಾಣ ಇದು: "ಹೆಂಗೂ ಸಾಯಾಕತ್ತೈತಿ. ಒಣಗಿ ಬಿದ್ದು ಗ್ವಾಡಿ ಒಡೆಯೋ ಮೊದಲ ರೊಕ್ಕ ಮಾಡ್ಕೊಳ್ಳೋಣು."

ನನಗೂ ಹೆದರಿಕಿ ಆತು. ಫೋಟೋ ತೆಗೆದು ಗಿಡದ ರೋಗ ಹೇಳೋ ಒಂದು ಆ್ಯಪ್‌ಗೆ ಹಾಕಿದೆ. ನೀರು ಕಮ್ಮಿ ಆಗೈತಿ, ಕುಂಡ ಬದಲಿಸ್ರಿ ಅಂತು. ಕುಂಡ! ಇಪ್ಪತ್ತೈದು ಅಡಿ ಗಿಡ. ಹೆಚ್ಚಿನ ಮಾಹಿತಿಗೆ ಏಳು ದಿನ ಪುಕ್ಕಟೆ, ಆಮ್ಯಾಲ ವರ್ಷದ ಚಂದಾ. ಡಿಲೀಟ್ ಮಾಡಿದೆ.

ಆಮೇಲೆ ಅದೇ ಫೋಟೋವನ್ನ ರಾಯಚೂರು ಕೃಷಿ ವಿಶ್ವವಿದ್ಯಾಲಯದಾಗ ಓದೋ ನನ್ನ ಗೆಳತಿಯ ಅಣ್ಣನಿಗೆ ಕಳಿಸಿದೆ. ಐದು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು. ಇದು ತುದಿ ಒಣಗೋ ರೋಗ, ಫೊಮಾಪ್ಸಿಸ್ ಅನ್ನೋ ಬೂಸ್ಟಿನಿಂದ ಬರ್ತದ. ಮಳಿಗಾಲದಾಗ ಹತ್ತತದ, ಮಳಿ ಮುಗಿಯೋ ಹೊತ್ತಿಗೆ ಜೋರು ಕಾಣ್ತದ. 2021ರಲ್ಲಿ ತೆಲಂಗಾಣದ ತುಂಬ ಬೇವು ಹಿಂಗ ಒಣಗಿ ಜನ ಗಾಬರಿ ಆಗಿದ್ರು. ಹೂವು, ಕಾಯಿ ಕಮ್ಮಿ ಆಗ್ತಾವ, ಆದ್ರ ದೊಡ್ಡ ಗಿಡ ಸಾಮಾನ್ಯವಾಗಿ ಸಾಯಲ್ಲ, ಬ್ಯಾಸಿಗಿ ಮೊದಲು ಮತ್ತೆ ಚಿಗುರ್ತದ. ಒಣಗಿದ ತುದಿ ಕತ್ತರಿಸಿ ಸುಟ್ಟುಬಿಡ್ರಿ, ಬುಡಕ್ಕೆ ನೀರು ನಿಲ್ಲಿಸಬ್ಯಾಡ್ರಿ ಅಂದ.

ಫೋನ್ ಒಂದೇ. ಒಂದು ಕಡೆ ಅದು ಅಂಗಡಿ, ಇನ್ನೊಂದು ಕಡೆ ಅದು ರಾಯಚೂರಿನ ತನಕ ಚಾಚೋ ಕೈ. ಹಕ್ಕಿ ಕೂಗು ಗುರುತಿಸೋಕೆ ನಾನು ಮರ್ಲಿನ್ ಆ್ಯಪ್ ಇಟ್ಕೊಂಡೀನಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಪ್ರಯೋಗಾಲಯದ್ದು, ಪುಕ್ಕಟೆ, ಇಂಟರ್ನೆಟ್ ಇಲ್ಲದೆಯೂ ನಡೀತದ. ಈ ಗಿಡದ ಕೆಳಗ ಕೂತು ಕೋಗಿಲೆ, ಗೊರವಂಕ, ಸೂರಕ್ಕಿ ಅಂತ ಒಂದೊಂದೇ ಹೆಸರು ಕಲಿತೆ. ಒಮ್ಮೆ ಅವ್ವನ ಮಿಕ್ಸರ್ ಸಪ್ಪಳಕ್ಕೂ ಯಾವುದೋ ಹಕ್ಕಿ ಹೆಸರು ತೋರಿಸ್ತು, ಅದು ಬ್ಯಾರೆ ಮಾತು. ತೋಳ ಕಾಯೋಕೆ ಗಂಗಾವತಿ ತಾಲೂಕಿನ ಬಂಕಾಪುರದಾಗ ಒಂದು ಧಾಮ ಐತಿ. ಸೂರಕ್ಕಿಗೆ ನಮ್ಮ ಹಿತ್ತಲ.

8/9

ಇದು ಬರೆಯಬೇಕು ಅನ್ನಿಸಿದ್ದಕ್ಕ ಈ ಸಲದ ಪೋಸ್ಟ್ ಶುರು ಮಾಡಿದ್ದು.

ಬಿಕಾಂ ಮೊದಲ ವರ್ಷ ಅಕೌಂಟಿಂಗ್ ತತ್ವಗಳು ಅಂತ ಕಲಿಸ್ತಾರ. ಅದರಾಗ ಒಂದು ಹಣದ ಅಳತೆಯ ತತ್ವ. ರೂಪಾಯಿಯಾಗ ಅಳೆಯೋಕೆ ಬರೋದನ್ನ ಮಾತ್ರ ಪುಸ್ತಕದಾಗ ಬರೀಬೇಕು, ಉಳಿದದ್ದು ಎಷ್ಟೇ ದೊಡ್ಡದಿರಲಿ ಲೆಕ್ಕಕ್ಕಿಲ್ಲ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಬರೆದು ಮರೆತಿದ್ದೆ.

ನಮ್ಮ ಮನಿಯ ಪುಸ್ತಕ ಬರೆದ್ರ ಎಸಿ ಮೊದಲ ದಿನಾನೇ ಆಸ್ತಿ ಅಂತ ಒಳಗ ಬರ್ತದ, 34,500. ವರ್ಷಾ ವರ್ಷಾ ಸವಕಳಿ ಬರ್ಕೊಂಡು ಹೋಗಬೇಕು. ಆದಾಯ ತೆರಿಗೆ ಲೆಕ್ಕದಾಗ ಯಂತ್ರಕ್ಕೆ 15 ಪರ್ಸೆಂಟ್. ಐದು ವರ್ಷಕ್ಕ ಪುಸ್ತಕದಾಗ ಅರ್ಧಕ್ಕಿಂತ ಕಮ್ಮಿ ಉಳೀತದ. ಬೇವಿನ ಗಿಡ? ಅಜ್ಜಿ ಮದುವಿ ಆಗಿ ಬಂದಾಗ ಸೊಂಟದ ಎತ್ತರ ಇತ್ತಂತ. ಯಾರೂ ಕೊಂಡಿಲ್ಲ, ನೆಟ್ಟೂ ಇಲ್ಲ, ಯಾವುದೋ ಹಕ್ಕಿ ಹಣ್ಣು ತಿಂದು ಬೀಜ ಬೀಳಿಸಿರಬೇಕು. ಬಿಲ್ ಇಲ್ಲ. ಹಂಗಾಗಿ ಐವತ್ತು ವರ್ಷದಿಂದ ಪುಸ್ತಕದಾಗ ಇಲ್ಲ. ಅದು ಮೊದಲ ಸಲ ಪುಸ್ತಕಕ್ಕೆ ಬರೋದು ಕಡಿದ ದಿನ: ನಗದು 3,500 ಬಂತು. ಲಾಭ. ಸತ್ತ ದಿನ ಹುಟ್ಟಿದಂಗ ಬರೆಯೋ ಲೆಕ್ಕ ಇದು. ಅಣ್ಣನದು ತಪ್ಪು ಲೆಕ್ಕ ಅಲ್ಲ, ನಮಗ ಕಲಿಸಿದ್ದೇ ಅದು.

ನೆರಳಿಗೆ ಬೆಲೆ ಕಟ್ಟೋಕೆ ಆಗಲ್ಲ ಅಂತ ಕವಿತೆ ಬರೆಯೋದು ಬ್ಯಾಡ, ಕಟ್ಟೋಕೆ ಆಗ್ತದ. ಕುಷ್ಟಗಿಯಾಗ ನಮ್ಮ ಸೋದರತ್ತಿ ಅದಾಳ. (2025ರ ಮೇ ತಿಂಗಳಾಗ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಶುರು ಆದಾಗ ಎಲ್ಲರಿಗಿಂತ ಮೊದಲು ಸೆಲ್ಫಿ ಕಳಿಸಿದವಳು.) ಮೂರು ವರ್ಷದ ಹಿಂದ ಮುಂದಿನ ಬೇವು ಕಡಿಸಿ ಶಟರ್ ಅಂಗಡಿ ಕಟ್ಟಿಸಿದ್ರು. ಅಂಗಡಿ ಬಾಡಿಗೆ ಬರ್ತದ, ಸುಳ್ಳಲ್ಲ. ಆದ್ರ ಅಂಗಳಕ್ಕ ಹಸಿರು ನೆಟ್ ಕಟ್ಟಿಸ್ತಾರ, ಪೈಪು, ಕೂಲಿ ಸೇರಿ 2,400. ಎರಡು ಬ್ಯಾಸಿಗಿಗೆ ಹರೀತದ, ಮತ್ತ ಹೊಸದು. ಅಂದ್ರ ಬರೀ ನೆರಳಿನ ಬಾಡಿಗಿ ವರ್ಷಕ್ಕ 1,200, ಅದೂ ಗಾಳಿ ತಂಪು ಮಾಡದ ನೆರಳು. ಎಲಿ ನೀರನ್ನ ಆವಿ ಮಾಡಿ ಸುತ್ತಲ ಗಾಳಿ ತಂಪಿಡ್ತದ, ನೆಟ್ ಬಿಸಿಲು ತಡೀತದ ಅಷ್ಟ. ನಮ್ಮ ಗಿಡಕ್ಕ ಅವರು ಕಟ್ಟಿದ ಬೆಲೆ ಮೂರು ವರ್ಷದ ನೆಟ್ ಬಾಡಿಗಿಗೂ ಸಾಲಲ್ಲ.

ಬೇವಿಗೆ ಬೆಲೆ ಐತಿ ಅಂತ ಬ್ಯಾರೆಯವರಿಗೆ ಚೆನ್ನಾಗಿ ಗೊತ್ತೈತಿ. ಅಮೆರಿಕದ ಡಬ್ಲ್ಯೂ.ಆರ್. ಗ್ರೇಸ್ ಕಂಪನಿ ಮತ್ತು ಅಲ್ಲಿಯ ಕೃಷಿ ಇಲಾಖೆ ಬೇವಿನೆಣ್ಣೆಯಿಂದ ಬೂಸ್ಟು ತಡೆಯೋ ವಿಧಾನಕ್ಕೆ ಯುರೋಪಿನಾಗ ಪೇಟೆಂಟ್ ತಗೊಂಡಿದ್ವು. ಇದು ಭಾರತದಾಗ ಮೊದಲಿಂದ ಗೊತ್ತಿರೋದೇ ಅಂತ ಜಗಳ ನಡೆದು 2000ದಲ್ಲಿ ಅದು ರದ್ದಾತು, 2005ರಲ್ಲಿ ಮೇಲ್ಮನವಿಯೂ ಬಿತ್ತು. 2015ರಿಂದ ನಮ್ಮ ದೇಶದ ಯೂರಿಯಾಕ್ಕೆಲ್ಲ ಬೇವಿನೆಣ್ಣಿ ಲೇಪ ಕಡ್ಡಾಯ. ಅಪ್ಪ ಹೊಲಕ್ಕ ತರೋ ಚೀಲದ ಮ್ಯಾಲೂ ಬೇವಿನ ಎಲಿ ಚಿತ್ರ ಐತಿ. ಹಿತ್ತಲದಾಗಿನ ಬೇವಿಗೆ ಮಾತ್ರ ಕಟ್ಟಿಗಿ ರೇಟು.

9/9

ಕೊನಿಗೆ ಏನಾತು ಅಂತ ಕೇಳ್ತೀರಿ.

ಎಸಿ ಬರ್ತದ. ಇದನ್ನ ಬರೆಯೋಕೆ ನನಗೆ ಸ್ವಲ್ಪ ಕಷ್ಟ ಆತು, ಯಾಕಂದ್ರ ಈ ಪೇಜಿನಾಗ ಹಳೇದನ್ನ ರಿಪೇರಿ ಮಾಡ್ಕೊಂಡು ಇರ್ರಿ ಅಂತ ಹತ್ತು ಪೋಸ್ಟ್ ಬರೆದವಳು ನಾನೇ. ಆದ್ರ 34 ಡಿಗ್ರಿಯಾಗ 76 ವರ್ಷದ ಜೀವ ಮಲಗಲಿ ಅಂತ ತತ್ವ ಹೇಳೋದು ಸುಲಭ, ಮಲಗೋಳು ನಾನಲ್ಲ. ಆದ್ರ ಒಂದೂವರೆ ಅಲ್ಲ, ಒಂದು ಟನ್. ಮಾರ್ಚಿನಾಗ, ಕಡಲಿ ಮಾರಿದ ರೊಕ್ಕದಾಗ, ಕಂತಿಲ್ಲದೆ. ಫ್ಯಾನ್ ಹಚ್ಚಿ 26ಕ್ಕೆ ಇಟ್ರ ರಾತ್ರಿಗೆ 4.5 ಯೂನಿಟ್ ಅಂತ ನನ್ನ ಅಂದಾಜು. ತಿಂಗಳಿಗೆ 135, ಮನಿಯ 64, ಒಟ್ಟು 199. ಒಂದು ಯೂನಿಟ್ ಉಳೀತು! ಅಜ್ಜಿ ಧಾರಾವಾಹಿ ಇನ್ನೊಂದು ಹೆಚ್ಚು ನೋಡಿದ್ರ ಕಥಿ ಮುಗೀತು. ಮೀಟರ್ ನೋಡೋ ಕೆಲಸ ನನಗೇ ಬಿದ್ದೈತಿ.

ಸೋಲಾರ್ ಈಗ ಬ್ಯಾಡ. ಗಿಡ ಉಳೀತದ. ಹೊರಗಿನ ಯೂನಿಟ್ಟನ್ನ ಅದೇ ಬೇವಿನ ನೆರಳಿನಾಗ ಕೂರಿಸೋದು ಅಂತ ಆಗೈತಿ. ಇದನ್ನ ಹೇಳಿದ್ದು ಅಣ್ಣ, ನಾನಲ್ಲ. ಬಿಸಿ ಗಾಳಿಗಿಂತ ನೆರಳಿನ ಗಾಳಿಯಾಗ ಅದು ಶಾಖ ಸುಲಭ ಬಿಡ್ತದ, ಕರೆಂಟ್ ಉಳೀತದ ಅಂತ ಎಲ್ಲೋ ಓದಿ ಬಂದು, ತಾನೇ ಕಂಡುಹಿಡಿದವನಂಗ ಹೇಳಿದ. ನಾನು ಹೂಂ ಅಂದೆ.

ಹೋದ ಭಾನುವಾರ ಅಪ್ಪ ಏಣಿ ಹಚ್ಚಿ ಕೈಗೆ ಸಿಕ್ಕಷ್ಟು ಒಣ ತುದಿ ಕತ್ತರಿಸಿದ. ನೀರಿನ ಟ್ಯಾಂಕಿಗೆ ಎಲಿ ಬೀಳ್ತದ ಅನ್ನೋ ಅವ್ವನ ತಕರಾರಿಗೆ ಹೊಸ ಮುಚ್ಚಳ ತಂದ್ವಿ, 350 ರೂಪಾಯಿ. ಹಳೇ ಮುಚ್ಚಳ ಗಾಳಿಗೆ ಹಾರಿ ಹೋಗಿ ಎರಡು ವರ್ಷ ಆಗಿತ್ತು, ಬೈಸಿಕೊಂಡಿದ್ದು ಗಿಡ.

ಕಟ್ಟಿಗಿಯವರು ಮೊನ್ನೆ ಮತ್ತೆ ಬಂದಿದ್ರು. "ಏನ ವಿಚಾರ ಮಾಡಿದ್ರೆಮ್ಮಾ, ಬೇಕಂದ್ರ ನಾಲ್ಕು ಸಾವಿರ ಮಾಡೂಣಂತ." ಅಜ್ಜಿ ಗಿಡದ ಕೆಳಗ ಹೊರಸಿನ ಮ್ಯಾಲ ಕೂತು ಶೇಂಗಾ ಸುಲೀತಿದ್ದಳು. "ಒಂದು ವಾರಕ್ಕ ಐನೂರು ಏರಿತಲ್ಲೋ ತಮ್ಮಾ, ಇನ್ನೂ ಸ್ವಲ್ಪ ವರ್ಷ ಬಿಟ್ಟು ಬಾ" ಅಂದು ಒಂದು ಹಿಡಿ ಶೇಂಗಾ ಕೊಟ್ಟು ಕಳಿಸಿದಳು.

ಶಿವರಾತ್ರಿ ಹೊತ್ತಿಗೆ ಎಲಿ ಉದುರ್ತಾವ, ಯುಗಾದಿಗೆ ಚಿಗುರು ಬರಬೇಕು. ಬಂತೋ ಇಲ್ಲೋ ಇದೇ ಜಾಗದಿಂದ ಫೋಟೋ ತೆಗೆದು ಹಾಕ್ತೀನಿ. ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆಯವರು ನಿಮ್ಮ ಬೇವಿನ ತುದಿ ಹೆಂಗ ಅದಾವ ಒಮ್ಮೆ ಮೇಲೆ ನೋಡಿ ಕಮೆಂಟ್ ಮಾಡ್ರಿ. ಫೋಟೋ ಇದ್ರ ಡಿಎಂ ಮಾಡ್ರಿ, ರಾಯಚೂರಿಗೆ ಕಳಿಸಿ ಕೇಳ್ತೀನಿ.

#ಹಿತ್ತಲಲೆಕ್ಕ #ಯಲಬುರ್ಗಾ #ಕೊಪ್ಪಳ #ಬೇವು